ಟೆಸ್ಟ್ ನೋಡದೆ ಬಿಟ್ಟದ್ದನ್ನು ಕೋಡಿನಲ್ಲೇ ಬರೆಯಿರಿ

ತಂತ್ರಾಂಶ ಬರೆಯುವವರ ನಡುವೆ ಒಂದು ಮಾತು ಈಗ ಯಾರೂ ಪ್ರಶ್ನಿಸದಂತೆ ನೆಲೆಯೂರಿದೆ. ಒಳ್ಳೆಯ ಕೋಡಿಗೆ ವಿವರಣೆ ಬೇಡ, ಟೆಸ್ಟ್‌ಗಳೇ ಅದರ ದಾಖಲೆ, ಕಾಮೆಂಟ್ ಬರೆಯಬೇಕಾಗಿ ಬಂದರೆ ಬರೆದವರು ಸೋತಂತೆ. ಈ ಮಾತಿನ ಬೆನ್ನಿಗೇ ಇನ್ನೊಂದು ಬರುತ್ತದೆ. ಟೆಸ್ಟ್‌ನ ಕೊರತೆ ಗೊತ್ತಿದ್ದರೆ ಅದನ್ನು ಸರಿಪಡಿಸು, ಆಗದಿದ್ದರೆ ಟಿಕೆಟ್ ಹಾಕು, ಅದೂ ಆಗದಿದ್ದರೆ ಸುಮ್ಮನಿರು. ಆದರೆ ಟೆಸ್ಟ್ ಕಡತದೊಳಗೆ 'ಇದು ಇಂಥದ್ದನ್ನು ನೋಡುವುದಿಲ್ಲ' ಎಂದು ಬರೆದು ಕೋಡನ್ನು ಕೊಳಕು ಮಾಡಬೇಡ. ಕೆಲಸಕ್ಕೆ ಸೇರಿದ ಹೊಸಬರು ಮೊದಲ ರಿವ್ಯೂನಲ್ಲೇ ಈ ಪಾಠ ಕಲಿಯುತ್ತಾರೆ. ಪ್ರಾಮಾಣಿಕವಾಗಿ ಬರೆದ ಎರಡು ಸಾಲು ಅಳಿಸಿಹೋಗುತ್ತವೆ, ಟೆಸ್ಟ್ ಪಾಸಾಯಿತೆಂಬ ಹಸಿರು ಗುರುತು ಮಾತ್ರ ಉಳಿಯುತ್ತದೆ.

ಈ ನಿಲುವು ತಪ್ಪು. ಅದರಿಂದ ಆಗುವ ಹಾನಿಯನ್ನು ಹೊರುವವರು ಕೋಡ್ ಬರೆದವರಲ್ಲ, ಅದನ್ನು ನಂಬಿ ವ್ಯವಹಾರ ಮಾಡುವವರು. ಸ್ವಯಂಚಾಲಿತ ಟೆಸ್ಟ್ ಏನನ್ನು ನೋಡುವುದಿಲ್ಲ ಎಂಬ ತಿಳಿವಳಿಕೆ ಆ ಟೆಸ್ಟ್‌ನ ಒಂದು ಭಾಗ. ಅದನ್ನು ಟೆಸ್ಟ್‌ನ ಮಗ್ಗುಲಲ್ಲೇ, ಕಾಮೆಂಟಿನಲ್ಲೇ ಬರೆಯಬೇಕು. ಬರೆಯದ ಟೆಸ್ಟ್ ಅರ್ಧ ಕೆಲಸ.

ಮಾತು ಗಾಳಿಯಲ್ಲಿ ತೇಲಬಾರದು; ಚೆನ್ನೈನ ಸೌಕಾರ್‌ಪೇಟೆಗೆ ಬನ್ನಿ. ಗೋಡೌನ್ ಸ್ಟ್ರೀಟಿನಲ್ಲಿ ಬಟ್ಟೆಯ ಸಗಟು, ಎನ್‌ಎಸ್‌ಸಿ ಬೋಸ್ ರಸ್ತೆಯಲ್ಲಿ ಚಿನ್ನ, ಕಂಪನಿ ಸರ್ಕಾರದ ಟಂಕಸಾಲೆಯಿಂದ ಹೆಸರು ಪಡೆದ ಮಿಂಟ್ ಸ್ಟ್ರೀಟಿನುದ್ದಕ್ಕೂ ನೂರೆಂಟು ಬಗೆಯ ಅಂಗಡಿಗಳು. ಇಲ್ಲಿನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಇಂದು ಕೂತಿರುವುದು ಕಂಪ್ಯೂಟರು ಮತ್ತು ಬಿಲ್ ಹೊಡೆಯುವ ತಂತ್ರಾಂಶ. ಒಂದು ಸರದ ಬಿಲ್ಲಿನಲ್ಲಿ ಮಿಲಿಗ್ರಾಂವರೆಗಿನ ತೂಕ, ಆ ದಿನದ ದರ, ಇಲ್ಲಿನವರು ಸೇದಾರಂ ಎನ್ನುವ ವೇಸ್ಟೇಜ್, ಕೂಲಿ, ಆಮೇಲೆ ತೆರಿಗೆ. ಚಿನ್ನದ ಮೇಲೆ ಜಿಎಸ್‌ಟಿ ನೂರಕ್ಕೆ 3. ರಾಜ್ಯದೊಳಗಿನ ಮಾರಾಟವಾದರೆ ಅದು ಎರಡು ಪಾಲಾಗಿ ಬಿಲ್ಲಿಗೆ ಇಳಿಯುತ್ತದೆ: ಸಿಜಿಎಸ್‌ಟಿ 1.5, ಎಸ್‌ಜಿಎಸ್‌ಟಿ 1.5.

ಈ ಲೆಕ್ಕಕ್ಕೆ ಟೆಸ್ಟ್ ಬರೆಯುವವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಕಣ್ಣಳತೆಗೆ ಸಿಗುವ ಮೊತ್ತವೊಂದನ್ನು ತೆಗೆದುಕೊಳ್ಳುತ್ತಾರೆ: 10,000 ರೂಪಾಯಿ. 150, 150, ಒಟ್ಟು 300. ಟೆಸ್ಟ್ ಹಸಿರು. ಈಗ ಮೊತ್ತ 12,345 ರೂಪಾಯಿ ಇರಲಿ. ನೂರಕ್ಕೆ 1.5 ಎಂದರೆ 185.175. ಪೈಸೆಗೆ ದುಂಡಾಗಿಸಿದರೆ 185.18. ಎರಡು ಪಾಲು ಸೇರಿ 370.36. ಆದರೆ ನೂರಕ್ಕೆ 3 ಅನ್ನು ಒಟ್ಟಿಗೆ ಲೆಕ್ಕ ಹಾಕಿದರೆ 370.35. ಒಂದು ಪೈಸೆ ವ್ಯತ್ಯಾಸ. ಅಂಗಡಿಯ ಬಿಲ್ ಒಂದು ದಾರಿಯಲ್ಲಿ, ತಿಂಗಳ ಕೊನೆಯ ವರದಿ ಇನ್ನೊಂದು ದಾರಿಯಲ್ಲಿ ಲೆಕ್ಕ ಹಾಕಿದರೆ, ಸಾವಿರ ಬಿಲ್ಲುಗಳ ನಂತರ ಎರಡು ಪುಸ್ತಕ ತಾಳೆಯಾಗುವುದಿಲ್ಲ. ಗುಮಾಸ್ತ ರಾತ್ರಿಯಿಡೀ ಕೂತು ಹುಡುಕುತ್ತಾನೆ. ಅವನ ಕಣ್ಣಿಗೆ ತಂತ್ರಾಂಶ ಸರಿಯಾಗಿದೆ, ಟೆಸ್ಟ್‌ಗಳೆಲ್ಲ ಪಾಸಾಗಿವೆ, ತಪ್ಪು ತನ್ನದೇ ಇರಬೇಕು.

ಇದರ ಮೇಲೆ, ದಶಾಂಶ ಸಂಖ್ಯೆಗಳನ್ನು ಕಂಪ್ಯೂಟರು ದ್ವಿಮಾನದಲ್ಲಿ ಹಿಡಿದಿಡುವ ರೀತಿಯ ತೊಡಕೂ ಇದೆ. ಪೈಥಾನ್ ಭಾಷೆಯಲ್ಲಿ 2.675 ಅನ್ನು ಎರಡು ದಶಾಂಶಕ್ಕೆ ದುಂಡಾಗಿಸಿ ಎಂದರೆ ಬರುವುದು 2.67, ಶಾಲೆಯ ಲೆಕ್ಕದ 2.68 ಅಲ್ಲ. ಪೈಥಾನಿನ ಅಧಿಕೃತ ಕೈಪಿಡಿಯೇ ಇದನ್ನು ಬಿಡಿಸಿ ಹೇಳುತ್ತದೆ. 10,000 ರೂಪಾಯಿಯ ಟೆಸ್ಟ್ ಈ ಎರಡೂ ತೊಡಕನ್ನು ಎಂದೂ ಕಾಣಲಾರದು. ಅದು ಕೆಟ್ಟ ಟೆಸ್ಟ್ ಎಂದು ನಾನು ಹೇಳುತ್ತಿಲ್ಲ. ದರ ತಪ್ಪಿದರೆ, ಗುಣಿಸುವಲ್ಲಿ ಎಡವಿದರೆ ಅದು ಹಿಡಿಯುತ್ತದೆ. ಆದರೆ ಅದರ ತಲೆಯ ಮೇಲೆ ಹೀಗೊಂದು ಕಾಮೆಂಟ್ ಇರಬೇಕಿತ್ತು: 'ಇದು ದುಂಡು ಮೊತ್ತಗಳನ್ನು ಮಾತ್ರ ನೋಡುತ್ತದೆ. ಸಿಜಿಎಸ್‌ಟಿ, ಎಸ್‌ಜಿಎಸ್‌ಟಿಗಳನ್ನು ಬೇರೆ ಬೇರೆಯಾಗಿ ದುಂಡಾಗಿಸಿದಾಗ ಬರುವ ಒಂದು ಪೈಸೆಯ ವ್ಯತ್ಯಾಸ ಇಲ್ಲಿ ಸಿಗುವುದಿಲ್ಲ, ಉದಾಹರಣೆಗೆ 12,345. ದುಂಡಾಗಿಸುವ ಕೋಡನ್ನು ಮುಟ್ಟುವವರು ಈ ಟೆಸ್ಟ್ ನೆಚ್ಚಬೇಡಿ.' ಇಷ್ಟು ಬರೆಯಲು ಎರಡು ನಿಮಿಷ ಸಾಕು.

ಇನ್ನೊಂದು ಉದಾಹರಣೆ ನಮ್ಮ ಲಿಪಿಯದೇ. ಬೆಂಗಳೂರಿನಿಂದಲೋ ಬಳ್ಳಾರಿಯಿಂದಲೋ ಮಾಲು ಕೊಳ್ಳಲು ಬರುವ ವ್ಯಾಪಾರಿಗೆ ಕನ್ನಡದಲ್ಲಿ ಬಿಲ್ ಕೊಡುವ ಸೌಲಭ್ಯವನ್ನು ಯಾರಾದರೂ ಸೇರಿಸಿದರು ಎನ್ನಿ. ವಿಳಾಸದಲ್ಲಿ 'ಸೌಕಾರ್‌ಪೇಟೆ' ಎಂದು ಇರಬೇಕು. ಈ ಹೆಸರಿನ ನಡುವೆ, 'ರ್' ಆದ ಮೇಲೆ, ಕಣ್ಣಿಗೆ ಕಾಣದ ಒಂದು ಸಂಕೇತವಿದೆ. ಯೂನಿಕೋಡಿನಲ್ಲಿ ಅದು ಅಗಲವಿಲ್ಲದ, ಅಕ್ಷರಗಳು ಕೂಡದಂತೆ ತಡೆಯುವ ಚಿಹ್ನೆ. ಅದನ್ನು ತೆಗೆದರೆ ರ್ ಮತ್ತು ಪೇ ಒಂದಾಗಿ 'ಸೌಕಾರ್ಪೇಟೆ' ಎಂದು ಅರ್ಕಾವತ್ತು ಬರುತ್ತದೆ. ನಾವು ಓದುವಾಗ ಎರಡೂ ಒಂದೇ ಊರು. ಯಂತ್ರಕ್ಕೆ ಎರಡು ಬೇರೆ ಹೆಸರು. ಒಬ್ಬ ಗುಮಾಸ್ತ ಒಂದು ಬಗೆಯಲ್ಲಿ ತುಂಬಿಸಿದ ವಿಳಾಸ ಇನ್ನೊಬ್ಬ ಇನ್ನೊಂದು ಬಗೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಈ ಹೆಸರಿನಲ್ಲಿ ಯೂನಿಕೋಡ್ ಸಂಕೇತಗಳು 11. ಯುಟಿಎಫ್-8ರಲ್ಲಿ ಉಳಿಸಿದರೆ ತಲಾ ಮೂರು ಬೈಟಿನಂತೆ 33 ಬೈಟ್. ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ವಿಳಾಸಕ್ಕೆ 30 ಬೈಟ್ ಮೀಸಲಿಟ್ಟವರ ತಂತ್ರಾಂಶದಲ್ಲಿ ಕೊನೆಯ 'ಟೆ'ಯ ಎತ್ವ ಹಾರಿಹೋಗಿ 'ಟ' ಉಳಿಯುತ್ತದೆ.

ಇಲ್ಲಿ ಟೆಸ್ಟ್ ಏನು ಮಾಡಬಲ್ಲದು? ಬರೆದ ಅಕ್ಷರಮಾಲೆ ಹಾಗೇ ಹಿಂದಿರುಗಿ ಬಂತೇ ಎಂದು ನೋಡಬಲ್ಲದು. ಕಾಗದದ ಮೇಲೆ ಒತ್ತಕ್ಷರ ಸರಿಯಾಗಿ ಕೂತಿತೇ, ಸಾಲಿನ ಕೆಳಗೆ ಕತ್ತರಿಸಿಹೋಯಿತೇ ಎಂದು ಅದಕ್ಕೆ ಕಾಣದು. ಅದು ಮುದ್ರಣಯಂತ್ರ, ಫಾಂಟ್, ಅಕ್ಷರ ಜೋಡಿಸುವ ತಂತ್ರಾಂಶ ಮೂರಕ್ಕೂ ಸೇರಿದ ವಿಷಯ. ಮನುಷ್ಯ ನೋಡಿಯೇ ಹೇಳಬೇಕು. ಈ ಟೆಸ್ಟ್ ಬರೆದವರು ಕನ್ನಡಿಗರಾಗಿದ್ದರೆ ಅವರಿಗೆ ಇದು ಗೊತ್ತಿರುತ್ತದೆ. ನಾಳೆ ಇದನ್ನು ನೋಡಿಕೊಳ್ಳುವವರಿಗೆ ಕನ್ನಡ ಓದಲು ಬರದೇ ಇರಬಹುದು. ಅವರಿಗೆ 'ಕನ್ನಡ ಮುದ್ರಣ: ಪಾಸ್' ಎಂಬ ಸಾಲು ಮಾತ್ರ ಕಾಣುತ್ತದೆ. ಗೊತ್ತಿದ್ದವರು ಬರೆಯದೆ ಹೋದದ್ದರಿಂದ ಆ ಸಾಲು ಸುಳ್ಳಾಗುತ್ತದೆ.

ಪರೀಕ್ಷೆಯ ಮಿತಿ ಹೇಳಿಕೊಳ್ಳುವುದು ಅವಮಾನ ಎಂದುಕೊಳ್ಳುವವರು ಇದೇ ಪೇಟೆಯ ಚಿನ್ನದ ಕೆಲಸದವರನ್ನು ನೋಡಬೇಕು. ಒರೆಗಲ್ಲು ಮೇಲ್ಮೈಯನ್ನು ಮಾತ್ರ ಹೇಳುತ್ತದೆ ಎಂಬುದು ಅಕ್ಕಸಾಲಿಗನಿಗೆ ಯಾವತ್ತಿನಿಂದಲೂ ಗೊತ್ತು. ಇಂದಿನ ಎಕ್ಸ್‌ಆರ್‌ಎಫ್ ಯಂತ್ರವೂ ಅಷ್ಟೇ; ಅದರ ಎಕ್ಸ್ ಕಿರಣ ಚಿನ್ನದೊಳಗಿನಿಂದ ಸುದ್ದಿ ತರುವುದು ಕೆಲವೇ ಮೈಕ್ರಾನ್ ಆಳದಿಂದ. ಒಳಗೆ ಬೇರೆ ಲೋಹವಿದ್ದು ಮೇಲೆ ದಪ್ಪ ಲೇಪನವಿದ್ದರೆ ಅದು ಮೋಸಹೋಗುತ್ತದೆ. ಆದ್ದರಿಂದಲೇ ಹಾಲ್‌ಮಾರ್ಕ್ ವ್ಯವಸ್ಥೆ ಆ ಯಂತ್ರವೊಂದನ್ನೇ ನೆಚ್ಚಿಲ್ಲ. ಮಾದರಿ ಕೆರೆದು ತೆಗೆದು ಬೆಂಕಿಯಲ್ಲಿ ಪುಟಕ್ಕಿಟ್ಟು ನೋಡುವ ವಿಧಾನಕ್ಕೆ ಭಾರತೀಯ ಮಾನಕ ಸಂಸ್ಥೆ ಐಎಸ್ 1418 ಎಂಬ ಪ್ರತ್ಯೇಕ ಮಾನಕವನ್ನೇ ಇಟ್ಟಿದೆ. ಯಾವ ಪರೀಕ್ಷೆ ಎಲ್ಲಿಯವರೆಗೆ ನಂಬಿಕೆಗೆ ಅರ್ಹ ಎಂದು ಮೊದಲೇ ಹೇಳಿದ್ದರಿಂದ ಚಿನ್ನದ ಬೆಲೆ ಕುಗ್ಗಲಿಲ್ಲ. ಅದರಿಂದಲೇ 22 ಕ್ಯಾರೆಟ್, 916 ಎಂಬ ಗುರುತಿಗೆ ಅರ್ಥ ಬಂತು.

ಈಗ ಎದುರುವಾದಗಳಿಗೆ ಬರುತ್ತೇನೆ. ಮೊದಲನೆಯದು ಪುಸ್ತಕದ ಬಲದಿಂದ ಬರುವುದು. ರಾಬರ್ಟ್ ಮಾರ್ಟಿನ್ 2008ರಲ್ಲಿ ಬರೆದ 'ಕ್ಲೀನ್ ಕೋಡ್' ಪುಸ್ತಕ ಕಾಮೆಂಟುಗಳನ್ನು ಸೋಲು ಎಂದು ಕರೆಯಿತು ಎಂದು ಹೇಳಿ ಜನ ಚರ್ಚೆ ಮುಗಿಸುತ್ತಾರೆ. ಅದೇ ಅಧ್ಯಾಯವನ್ನು ಮುಂದೆ ಓದಿದವರಿಗೆ ಒಳ್ಳೆಯ ಕಾಮೆಂಟುಗಳ ಪಟ್ಟಿ ಸಿಗುತ್ತದೆ. ಆ ಪಟ್ಟಿಯಲ್ಲಿ 'ಪರಿಣಾಮದ ಎಚ್ಚರಿಕೆ' ಎಂಬ ಬಗೆಯಿದೆ, ಅದಕ್ಕೆ ಮಾರ್ಟಿನ್ ಕೊಟ್ಟ ಉದಾಹರಣೆಯೇ ಒಂದು ಟೆಸ್ಟ್‌ನ ತಲೆಯ ಮೇಲಿನ ಕಾಮೆಂಟು. ಕೋಡು ತಾನೇ ಹೇಳಬಲ್ಲದ್ದನ್ನು ಮತ್ತೆ ಹೇಳುವ ಕಾಮೆಂಟನ್ನು ಅವರು ಖಂಡಿಸಿದರು, ಅದು ಸರಿ. ಆದರೆ ಟೆಸ್ಟ್ ಮಾಡದೇ ಇರುವುದನ್ನು ಯಾವ ಕೋಡು ಹೇಳಬಲ್ಲದು? ಇರುವುದನ್ನು ತೋರಿಸಲು ಕೋಡಿಗೆ ಬರುತ್ತದೆ. ಇಲ್ಲದ್ದನ್ನು ತೋರಿಸಲು ಅದಕ್ಕೆ ಬಾಯಿಲ್ಲ. ಬೇಕೆಂದೇ ಬಿಟ್ಟದ್ದು ಯಾವುದು, ಮರೆತು ಬಿಟ್ಟದ್ದು ಯಾವುದು ಎಂಬ ಭೇದ ಬರೆದವರ ಮಾತಿನಿಂದ ಮಾತ್ರ ತಿಳಿಯುತ್ತದೆ.

ಎರಡನೆಯ ವಾದ: ಮಿತಿ ಗೊತ್ತಿದ್ದರೆ ಟೆಸ್ಟ್ ಅನ್ನೇ ಸರಿಮಾಡಿ. ಆಗುವಲ್ಲಿ ಮಾಡಲೇಬೇಕು. 12,345ರ ಲೆಕ್ಕವನ್ನು ಇಂದೇ ಸೇರಿಸಬಹುದು. ಆದರೆ ಎಡ್ಸ್‌ಗರ್ ಡೈಕ್‌ಸ್ಟ್ರ ಅರ್ಧ ಶತಮಾನದ ಹಿಂದೆಯೇ ತೋರಿಸಿಕೊಟ್ಟ ಸತ್ಯ ಎಲ್ಲಿಯೂ ಹೋಗಿಲ್ಲ: ಪರೀಕ್ಷೆ ದೋಷ ಇದೆಯೆಂದು ತೋರಿಸಬಲ್ಲದು, ಇಲ್ಲವೆಂದು ಸಾಧಿಸಲಾರದು. ಒಂದು ಕೊರತೆ ಮುಚ್ಚಿದರೆ ಇನ್ನೊಂದು ಇದ್ದೇ ಇರುತ್ತದೆ. ಎಸ್‌ಕ್ಯುಲೈಟ್ ಎಂಬ ದತ್ತಸಂಚಯ ತಂತ್ರಾಂಶವನ್ನು ಕಟ್ಟುವವರು ಕೋಡಿನ ಪ್ರತಿ ಕವಲನ್ನೂ, ನೂರಕ್ಕೆ ನೂರು, ಟೆಸ್ಟ್‌ಗಳಿಂದ ಹಾಯುತ್ತಾರೆ. ಅಲ್ಲಿಯೂ ದೋಷಗಳು ಸಿಗುತ್ತವೆ, ಅವರು ಅದನ್ನು ಬಹಿರಂಗವಾಗಿ ಒಪ್ಪುತ್ತಾರೆ. ಅಂಥ ನೂರಕ್ಕೆ ನೂರು ಕವರೇಜ್ ಎಂದರೆ ಪ್ರತಿ ಕವಲೂ ಒಮ್ಮೆಯಾದರೂ ಓಡಿತು ಎಂದಷ್ಟೇ ಅರ್ಥ. ಪ್ರತಿ ಕವಲೂ ಪ್ರತಿ ಮೊತ್ತಕ್ಕೂ ಸರಿಯುತ್ತರ ಕೊಟ್ಟಿತು ಎಂದಲ್ಲ. ಸರಿಮಾಡಲು ಆಗುವವರೆಗೆ ಕಾಯುವ ಆ ದಿನಗಳಲ್ಲಿ ಕೋಡನ್ನು ಓದುವವರಿಗೆ ಯಾರು ಹೇಳಬೇಕು?

ಮೂರನೆಯದು: ಮಿತಿಗಳನ್ನು ಟಿಕೆಟ್‌ನಲ್ಲಿ, ವಿಕಿಯಲ್ಲಿ, ವಿನ್ಯಾಸದ ದಾಖಲೆಯಲ್ಲಿ ಬರೆಯಿರಿ, ಕೋಡಿನಲ್ಲಿ ಬೇಡ. ಈ ವಾದಕ್ಕೆ ಇತಿಹಾಸವೇ ಉತ್ತರ ಕೊಟ್ಟಿದೆ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರುವಿನಿಂದ ಏರಿಯಾನ್ 5 ರಾಕೆಟ್ ಮೊದಲ ಬಾರಿ ಹಾರಿತು. ಸುಮಾರು 37 ಸೆಕೆಂಡಿಗೆ ದಿಕ್ಕು ತಪ್ಪಿ ಛಿದ್ರವಾಯಿತು. ಒಳಗಿದ್ದ ನಾಲ್ಕು ಕ್ಲಸ್ಟರ್ ಉಪಗ್ರಹಗಳೂ ಹೋದವು. ದಿಕ್ಕು ಅಳೆಯುವ ಉಪಕರಣದ, ಏರಿಯಾನ್ 4ರಿಂದ ಎತ್ತಿಕೊಂಡ ತಂತ್ರಾಂಶದಲ್ಲಿ 64 ಬಿಟ್‌ನ ಸಂಖ್ಯೆಯೊಂದನ್ನು 16 ಬಿಟ್‌ಗೆ ಇಳಿಸುವಾಗ ಅದು ಹಿಡಿಸಲಿಲ್ಲ. ಅಂಥ ಅಪಾಯವಿದ್ದ ಏಳು ಬೆಲೆಗಳಲ್ಲಿ ನಾಲ್ಕಕ್ಕೆ ರಕ್ಷಣೆ ಇತ್ತು, ಮೂರಕ್ಕೆ ಬೇಕೆಂದೇ ಬಿಟ್ಟಿದ್ದರು. ಕಂಪ್ಯೂಟರಿನ ಮೇಲಿನ ಹೊರೆ ನೂರಕ್ಕೆ 80 ಮೀರಬಾರದು ಎಂಬ ಗುರಿಯಿತ್ತು, ಏರಿಯಾನ್ 4ರ ಹಾದಿಯಲ್ಲಿ ಆ ಬೆಲೆಗಳು ಅಷ್ಟು ದೊಡ್ಡದಾಗುವುದು ಸಾಧ್ಯವಿರಲಿಲ್ಲ. ನಿರ್ಧಾರಕ್ಕೆ ಕಾರಣವಿತ್ತು, ಒಪ್ಪಿಗೆಯೂ ಇತ್ತು. ಆದರೆ ಜಾಕ್ ಲೂಯಿ ಲಿಯೋನ್ಸ್ ಅಧ್ಯಕ್ಷತೆಯ ತನಿಖಾ ಮಂಡಳಿ ಕಂಡುಕೊಂಡದ್ದು ಇದು: ಆ ಕಾರಣದ ಉಲ್ಲೇಖ ಮೂಲ ಕೋಡಿನಲ್ಲಿ ಎಲ್ಲಿಯೂ ಇರಲಿಲ್ಲ. ರಾಶಿ ದಾಖಲೆಗಳ ನಡುವೆ, ಯಾರೂ ಬೇಕೆಂದು ಮುಚ್ಚಿಡದಿದ್ದರೂ, ಹೊರಗಿನಿಂದ ಪರಿಶೀಲಿಸುವವರ ಕಣ್ಣಿಗೆ ಅದು ಮರೆಯಾಗಿತ್ತು. ಹೊಸ ರಾಕೆಟ್ಟಿನ ಹಾದಿಯ ಅಂಕಿಗಳನ್ನು ಕೊಟ್ಟು ಆ ಉಪಕರಣವನ್ನು ಪರೀಕ್ಷಿಸಿಯೂ ಇರಲಿಲ್ಲ.

'ಬೇರೆ ಕಡೆ ಬರೆದಿದ್ದೇವೆ' ಎನ್ನುವವರು ಈ ವರದಿಯನ್ನು ಓದಬೇಕು. ದಾಖಲೆ ಇತ್ತು, ಓದಬೇಕಾದ ಜಾಗದಲ್ಲಿ ಇರಲಿಲ್ಲ. ಕೋಡು ಒಂದು ಯೋಜನೆಯಿಂದ ಇನ್ನೊಂದಕ್ಕೆ ಹೋಗುವಾಗ ಟಿಕೆಟ್ ಜೊತೆಗೆ ಹೋಗುವುದಿಲ್ಲ. ಕಂಪನಿ ಟಿಕೆಟ್ ವ್ಯವಸ್ಥೆ ಬದಲಿಸಿದರೆ ಹಳೆಯ ಸಂಖ್ಯೆಗಳು ಅನಾಥವಾಗುತ್ತವೆ. ವಿಕಿಯ ಪುಟ ಇದೆಯೆಂದೇ ಹೊಸಬರಿಗೆ ತಿಳಿದಿರುವುದಿಲ್ಲ. ಕಡತದೊಳಗಿನ ಕಾಮೆಂಟು ಮಾತ್ರ ಕೋಡು ಹೋದಲ್ಲಿಗೆ ಹೋಗುತ್ತದೆ.

ನಾಲ್ಕನೆಯ ವಾದಕ್ಕೆ ಹೆಚ್ಚು ಮರ್ಯಾದೆ ಸಲ್ಲಬೇಕು. ಕಾಮೆಂಟು ಹಳಸುತ್ತದೆ, ಕೋಡು ಬದಲಾದಾಗ ಅದನ್ನು ಬದಲಿಸುವವರಿಲ್ಲ, ಹಳಸಿದ ಎಚ್ಚರಿಕೆ ದಾರಿ ತಪ್ಪಿಸುತ್ತದೆ. ಇದು ನಿಜ. ಆದರೆ ಇದಕ್ಕೆ ಮದ್ದು ಈಗಾಗಲೇ ಕೈಯಲ್ಲಿದೆ. ಪೈಟೆಸ್ಟ್ ಎಂಬ ಸಲಕರಣೆಯಲ್ಲಿ ಒಂದು ಟೆಸ್ಟ್ ಸದ್ಯಕ್ಕೆ ಸೋಲುತ್ತದೆ ಎಂದು ಕಾರಣದೊಂದಿಗೆ ಗುರುತು ಹಾಕಬಹುದು. ಗುರುತನ್ನು ಬಿಗಿಯಾಗಿಟ್ಟರೆ, ಯಾರೋ ಮೂಲದೋಷ ಸರಿಮಾಡಿ ಟೆಸ್ಟ್ ಪಾಸಾದ ದಿನವೇ ಯಂತ್ರ ಕೂಗಿ ಹೇಳುತ್ತದೆ: ನಿಮ್ಮ ಎಚ್ಚರಿಕೆಗೆ ವಯಸ್ಸಾಯಿತು, ತೆಗೆಯಿರಿ. 12,345ರ ಟೆಸ್ಟ್ ಅನ್ನು ಹೀಗೆ ಬರೆದಿಟ್ಟರೆ ಕಾಮೆಂಟು ಹಳಸಲು ಅವಕಾಶವೇ ಇಲ್ಲ.

ಪ್ಯಾಕೇಜುಗಳ ಲೋಕದಲ್ಲಿ, ಡೆಬಿಯನ್ ಎಂಬ ಲಿನಕ್ಸ್ ವಿತರಣೆ ಮಿತಿ ಬರೆದಿಡಲು ವ್ಯವಸ್ಥೆಯನ್ನೇ ಮಾಡಿಕೊಂಡಿದೆ. ಅದರ ಹಲವು ಪ್ಯಾಕೇಜುಗಳ ಜೊತೆಗೆ ಟೆಸ್ಟ್‌ಗಳ ಒಂದು ನಿಯಂತ್ರಣ ಕಡತ ಇರುತ್ತದೆ. ಅದರಲ್ಲಿ ಪ್ರತಿ ಟೆಸ್ಟ್‌ಗೂ ನಿರ್ಬಂಧಗಳನ್ನು ಬರೆಯಬಹುದು: ಇದು ಆಗಾಗ ಕಾರಣವಿಲ್ಲದೆ ಸೋಲುವಂಥದ್ದು, ಇದಕ್ಕೆ ಇಂಟರ್ನೆಟ್ ಬೇಕು, ಇದು ಮೇಲುಮೇಲಿನದು. ಮೇಲುಮೇಲಿನ ಟೆಸ್ಟ್‌ಗಳು ಮಾತ್ರ ಇರುವ ಪ್ಯಾಕೇಜು ಪಾಸಾದರೂ ಅದಕ್ಕೆ ಪೂರ್ಣ ಪಾಸಿನ ಮನ್ನಣೆ ಸಿಗುವುದಿಲ್ಲ. ಫಾಂಟ್ ಪ್ಯಾಕೇಜಿನ ಟೆಸ್ಟ್ ಕಡತ ತನ್ನ ಜಾಗದಲ್ಲಿದೆಯೇ ಎಂದು ಮಾತ್ರ ನೋಡಿದರೆ, ಅದು ಮೇಲುಮೇಲಿನದು ಎಂದು ಬರೆದು, ಯಾವ ಒತ್ತಕ್ಷರವನ್ನೂ ನೋಡಿಲ್ಲ ಎಂದು ಕೆಳಗೊಂದು ಕಾಮೆಂಟ್ ಹಾಕಲು ಅಲ್ಲಿ ಜಾಗವಿದೆ. ಇದು ಚೆನ್ನೈಗೆ ದೂರದ ವಿಷಯವಲ್ಲ. ಚೆನ್ನೈನ ಸಿ-ಡ್ಯಾಕ್ ಕಟ್ಟಿದ, ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಿಗೆ ನೆರವಾಗುವ ಬಾಸ್ ಲಿನಕ್ಸ್ ನಿಂತಿರುವುದು ಡೆಬಿಯನ್‌ನ ಮೇಲೆಯೇ. ಮೇಲಿನವರು ಬರೆದಿಟ್ಟ ಮಿತಿ ಕೆಳಗಿನವರಿಗೆ ಹಾಗೇ ತಲುಪುತ್ತದೆ. ಬರೆಯದ ಮಿತಿಯೂ ತಲುಪುತ್ತದೆ, ಆದರೆ ಅದನ್ನು ಎಡವಿಯೇ ತಿಳಿಯಬೇಕು.

ಐದನೆಯ ವಾದವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರೂ ಅದರಂತೆ ನಡೆಯುತ್ತಾರೆ: ಗಿರಾಕಿ ನೋಡಿದರೆ, ಮ್ಯಾನೇಜರ್ ನೋಡಿದರೆ, ಆಡಿಟರ್ ನೋಡಿದರೆ ಏನೆಂದುಕೊಂಡಾರು? ಕೊರತೆಯನ್ನು ಬರೆದರೆ ಕೈಯಾರೆ ಸಾಕ್ಷಿ ಕೊಟ್ಟಂತೆ. ಈ ಭಯವನ್ನು ನೇರವಾಗಿ ಎದುರಿಸಬೇಕು. ಬರೆಯದಿದ್ದರೆ ಕೊರತೆ ಕಡಿಮೆಯಾಗುವುದಿಲ್ಲ. ಅದು ಗೊತ್ತಿದ್ದವರ ಸಂಖ್ಯೆ ಮಾತ್ರ ಕಡಿಮೆಯಾಗುತ್ತದೆ. ಗಿರಾಕಿಗೆ ಗೊತ್ತಿಲ್ಲದಂತೆ ನೋಡಿಕೊಂಡು ಅವನ ಹಣದ ಲೆಕ್ಕ ಮಾಡುವುದು ಪ್ರಾಮಾಣಿಕ ವೃತ್ತಿಯಲ್ಲ. ಡೊನಾಲ್ಡ್ ಕ್ನೂತ್‌ರಂಥ ದೊಡ್ಡ ಗಣಕವಿಜ್ಞಾನಿ 1977ರಲ್ಲಿ ಸಹೋದ್ಯೋಗಿಯೊಬ್ಬರಿಗೆ ಬರೆದ ಟಿಪ್ಪಣಿಯಲ್ಲಿ, ಮೇಲಿನ ಕೋಡಿನಲ್ಲಿ ದೋಷವಿರಬಹುದು ಎಚ್ಚರ, ಇದು ಸರಿಯೆಂದು ಸಾಧಿಸಿದ್ದೇನೆಯೇ ಹೊರತು ಓಡಿಸಿ ನೋಡಿಲ್ಲ ಎಂದು ಎಚ್ಚರಿಸಿದರು. ಅವರ ಗೌರವಕ್ಕೆ ಅದರಿಂದ ಕುಂದು ಬರಲಿಲ್ಲ.

ಆದರೆ ಹೇಗಾದರೂ ಬರೆದರೆ ಸಾಲದು. ಮಸುಕಾಗಿ ಬರೆದ ಎಚ್ಚರಿಕೆ ಜೀವ ತೆಗೆಯಬಲ್ಲದು. 1991ರ ಕೊಲ್ಲಿ ಯುದ್ಧದಲ್ಲಿ ಸೌದಿಯ ದಹ್ರಾನ್‌ನಲ್ಲಿದ್ದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಸೆಕೆಂಡಿನ ಹತ್ತನೇ ಒಂದು ಭಾಗವನ್ನು 24 ಬಿಟ್‌ನಲ್ಲಿ ಹಿಡಿದಿಡುತ್ತಿತ್ತು. ಆ ಭಾಗ ದ್ವಿಮಾನದಲ್ಲಿ ಪೂರ್ತಿ ಹಿಡಿಸುವುದಿಲ್ಲ. ವ್ಯವಸ್ಥೆ ಓಡಿದಷ್ಟೂ ತಪ್ಪು ಬೆಳೆಯುತ್ತದೆ. 100 ಗಂಟೆ ಓಡಿದ ಮೇಲೆ ಗಡಿಯಾರದ ತಪ್ಪು ಸೆಕೆಂಡಿನ ಮೂರನೇ ಒಂದು ಭಾಗದಷ್ಟಾಗಿತ್ತು. ಫೆಬ್ರವರಿ 25ರಂದು ಬಂದ ಸ್ಕಡ್ ಕ್ಷಿಪಣಿಯನ್ನು ಅದು ಹಿಡಿಯಲಿಲ್ಲ. 28 ಸೈನಿಕರು ಸತ್ತರು. ಮಿತಿ ಗೊತ್ತಿರಲಿಲ್ಲವೇ? ಗೊತ್ತಿತ್ತು. ಫೆಬ್ರವರಿ 21ರಂದೇ ಒಂದು ಸೂಚನೆ ಹೋಗಿತ್ತು: ತುಂಬಾ ಹೊತ್ತು ಓಡಿಸಿದರೆ ಗುರಿ ಜಾರಬಹುದು. ತುಂಬಾ ಹೊತ್ತು ಎಂದರೆ ಎಷ್ಟು ಗಂಟೆ ಎಂದು ಅದು ಹೇಳಿರಲಿಲ್ಲ. ಸರಿಪಡಿಸಿದ ತಂತ್ರಾಂಶ ದಹ್ರಾನ್ ಮುಟ್ಟಿದ್ದು ಸಾವಿನ ಮರುದಿನ.

ಆದ್ದರಿಂದ ಮಿತಿಯನ್ನು ಬರೆಯುವವರು 'ಎಲ್ಲ ಸಂದರ್ಭಗಳನ್ನು ನೋಡಿಲ್ಲ' ಎಂದು ಕೈತೊಳೆದುಕೊಳ್ಳಬಾರದು. ಅದು ಯಾವ ಟೆಸ್ಟ್‌ಗಾದರೂ ಅನ್ವಯಿಸುವ ಮಾತು, ಹಾಗಾಗಿ ಯಾವುದಕ್ಕೂ ಉಪಯೋಗವಿಲ್ಲದ್ದು. ಯಾವ ಬೆಲೆ, ಯಾವ ಸ್ಥಿತಿ, ಯಾವ ಯಂತ್ರವನ್ನು ನೋಡಿಲ್ಲ ಎಂದು ಅಂಕಿಯಲ್ಲಿ ಬರೆಯಬೇಕು. ಯಾಕೆ ಬಿಟ್ಟೆವು ಎಂದು ಬರೆಯಬೇಕು: ಸಮಯವಿಲ್ಲವೆಂದೋ, ಸಲಕರಣೆ ಇಲ್ಲವೆಂದೋ, ಕಣ್ಣಿಂದಲೇ ನೋಡಬೇಕಾದ್ದೆಂದೋ. ಇದನ್ನು ನಂಬಿದರೆ ಏನು ಕೆಡಬಹುದು ಎಂದು ಬರೆಯಬೇಕು. ಯಾವುದು ಬದಲಾದರೆ ಈ ಮಾತನ್ನು ಮತ್ತೆ ನೋಡಬೇಕು ಎಂದೂ ಹೇಳಬೇಕು: ತೆರಿಗೆ ದರ ಬದಲಾದಾಗ, ಫಾಂಟಿನ ಹೊಸ ಆವೃತ್ತಿ ಬಂದಾಗ, ಕೋಡನ್ನು ಇನ್ನೊಂದು ಅಂಗಡಿಗೆ ಹಾಕುವಾಗ.

ಇದನ್ನು ಬರೆಯುವವರ ಸದ್ಗುಣಕ್ಕೆ ಬಿಟ್ಟರೆ ನಡೆಯದು, ಕೇಳುವವರ ನಿಯಮವಾಗಬೇಕು. ರಿವ್ಯೂ ಮಾಡುವವರು ಹೊಸ ಟೆಸ್ಟ್ ಕಂಡಾಗ 'ಇದು ಏನನ್ನು ನೋಡುವುದಿಲ್ಲ?' ಎಂದು ಕೇಳಲಿ. ಉತ್ತರವಿಲ್ಲದ ಟೆಸ್ಟ್ ಅನ್ನು ಒಪ್ಪದಿರಲಿ. ಮಿತಿಯ ಕಾಮೆಂಟನ್ನು ಅಳಿಸಲು ಬಂದವರು ಆ ಮಿತಿ ಈಗ ಇಲ್ಲವೆಂದು ಟೆಸ್ಟ್ ಬರೆದೇ ತೋರಿಸಲಿ. ಕಾಲೇಜುಗಳಲ್ಲಿ ಪ್ರೋಗ್ರಾಮಿಂಗ್ ಕಲಿಸುವವರು ಪಾಸಾದ ಟೆಸ್ಟ್‌ಗೆ ಕೊಡುವ ಅಂಕದಷ್ಟನ್ನೇ ಟೆಸ್ಟ್‌ನ ಮಿತಿಯನ್ನು ಕರಾರುವಾಕ್ಕಾಗಿ ಬರೆದವರಿಗೂ ಕೊಡಲಿ. ತಂತ್ರಾಂಶ ಕೊಳ್ಳುವ ಸೌಕಾರ್‌ಪೇಟೆಯ ವ್ಯಾಪಾರಿಯೂ ಕೇಳಲಿ: ನಿಮ್ಮ ಪರೀಕ್ಷೆಗಳು ಪಾಸಾಗಿವೆ, ಸರಿ, ಅವು ನೋಡದೆ ಬಿಟ್ಟದ್ದು ಯಾವುದು, ಬರೆದು ತೋರಿಸಿ. ತೋರಿಸಲಾಗದವರಿಗೆ ತಮ್ಮ ಸರಕಿನ ಬಗ್ಗೆ ತಮಗೇ ಗೊತ್ತಿಲ್ಲ. ಅಂಥವರ ಕೈಯಲ್ಲಿ ದಿನದ ಲೆಕ್ಕ ಕೊಡುವ ಅಗತ್ಯ ಯಾವ ಅಂಗಡಿಗೂ ಇಲ್ಲ.